ಕೊಟ್ಟ ಹೆಪ್ಪಿಗೆ ಇನ್ನೊಂದು ಷರತ್ತು



ಹೋದ ತಿಂಗಳು ಕನ್ನಡ ಶಾಲೆಯ ತರಗತಿ ಮುಗಿದು ಮಕ್ಕಳು ಕುರ್ಚಿ ಮಡಚಿಡುತ್ತಿದ್ದಾಗ ಗೆಳೆಯರೊಬ್ಬರು ಲ್ಯಾಪ್‌ಟಾಪ್ ತೆರೆದು ಒಂದು ಪುಟ್ಟ ತಂತ್ರಾಂಶ ತೋರಿಸಿದರು. ಮಗಳಿಗೆ ಅಕ್ಷರ ತಿದ್ದಿಸಲೆಂದು ರಾತ್ರಿ ಹೊತ್ತು ಕೂತು ಬರೆದದ್ದು. ಪರದೆಯ ಮೇಲೆ 'ಅ' ಮೂಡುತ್ತದೆ, ಮಗು ಬೆರಳಿನಿಂದ ಅದನ್ನು ತಿದ್ದಬೇಕು, ಗೆರೆ ತಪ್ಪಿದರೆ ಬಣ್ಣ ಕೆಂಪಾಗುತ್ತದೆ, ಸರಿಯಾದರೆ ಒಂದು ಹೆಂಗಸಿನ ಧ್ವನಿ 'ಅ, ಅರಸ' ಎನ್ನುತ್ತದೆ. ಆ ಧ್ವನಿ ಊರಿನಲ್ಲಿರುವ ಅವರ ತಾಯಿಯದು. ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದರು.

"ಇದನ್ನ ಜಿಪಿಎಲ್ ಲೈಸೆನ್ಸಿನಲ್ಲಿ ಎಲ್ಲರಿಗೂ ಕೊಟ್ಟುಬಿಡೋಣ ಅಂತಿದೀನಿ. ಆದರೆ ಕೆಳಗೆ ನಂದೊಂದು ಸಾಲು ಸೇರಿಸ್ತೀನಿ, 'ಇದನ್ನು ಯಾರೂ ಮಾರಕೂಡದು' ಅಂತ. ಅಷ್ಟು ಮಾಡಬಹುದಲ್ವಾ?" ಎಂದು ಕೇಳಿದರು.

ಮೇಲ್ನೋಟಕ್ಕೆ ನ್ಯಾಯವಾದ ಮಾತೇ. ಅಮ್ಮನ ಧ್ವನಿಯನ್ನು ಯಾರೋ ಜಾಹೀರಾತು ತುಂಬಿದ ಆಪ್ ಒಂದಕ್ಕೆ ಹಾಕಿ ಕಾಸು ಮಾಡಿಕೊಂಡರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ನಾನೂ "ಅದಕ್ಕೇನು, ಒಂದು ಸಾಲು ತಾನೇ" ಎಂದುಬಿಟ್ಟೆ. ಮನೆಗೆ ಬಂದು ಓದತೊಡಗಿದ ಮೇಲೆ ಗೊತ್ತಾಯಿತು, ಆ ಒಂದು ಸಾಲಿನ ಹಿಂದೆ ಮೂವತ್ತು ವರ್ಷಕ್ಕೂ ಮಿಕ್ಕಿದ ವ್ಯಾಜ್ಯವಿದೆ ಎಂದು. ನಮ್ಮಲ್ಲಿ ತಂತ್ರಾಂಶ ಬರೆಯುವ ಮನೆಗಳು ಬಹಳ. ಹಾಗಾಗಿ ತಿಳಿದದ್ದನ್ನು ಹಂಚಿಕೊಳ್ಳುತ್ತಿದ್ದೇನೆ. ನಾನು ವಕೀಲನಲ್ಲ, ಇದನ್ನು ಕಾನೂನು ಸಲಹೆ ಎಂದು ತಿಳಿಯಬೇಡಿ.

ಹೆಪ್ಪಿನ ಲೆಕ್ಕ

ಮೊದಲು, ಕಾಪಿಲೆಫ್ಟ್ ಎಂದರೇನು? ಈ ದೇಶಕ್ಕೆ ಬಂದ ಹೊಸದರಲ್ಲಿ ಅಂಗಡಿಯ ಮೊಸರು ಒಗ್ಗದೆ, ಯಾವುದೋ ಕನ್ನಡದವರ ಮನೆಯಿಂದ ಒಂದು ಚಮಚ ಹೆಪ್ಪು ತಂದದ್ದು ನಿಮಗೂ ನೆನಪಿರಬಹುದು. ಆ ಹೆಪ್ಪಿನಿಂದ ನೀವು ಮೊಸರು ಮಾಡುತ್ತೀರಿ, ಮಜ್ಜಿಗೆ ಹುಳಿ ಮಾಡುತ್ತೀರಿ, ಬೇಕಾದರೆ ಮಾರುತ್ತೀರಿ. ಕೊಟ್ಟವರು ಕೇಳುವುದು ಇಷ್ಟೇ: "ನಾಳೆ ನಿಮ್ಮ ಮನೆಯ ಮೊಸರು ತೆಗೆದುಕೊಂಡವರು ಹೆಪ್ಪು ಕೇಳಿದರೆ ಇಲ್ಲ ಅನ್ನಬೇಡಿ."

ಜಿಪಿಎಲ್ ಲೈಸೆನ್ಸ್ ಹೇಳುವುದೂ ಇದನ್ನೇ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. 1989ರಲ್ಲಿ ಜಿಪಿಎಲ್‌ನ ಮೊದಲ ಆವೃತ್ತಿ, 1991ರ ಜೂನ್‌ನಲ್ಲಿ ಎರಡನೆಯದು ಬಂತು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರ ಸೋರ್ಸ್ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು, ದುಡ್ಡು ತೆಗೆದುಕೊಂಡೂ ಹಂಚಬಹುದು. ಆದರೆ ಹಂಚುವಾಗ ನಿಮಗೆ ಸಿಕ್ಕ ಈ ಹಕ್ಕುಗಳೆಲ್ಲ ಮುಂದಿನವರಿಗೂ ಸಿಗಬೇಕು, ಸೋರ್ಸ್ ಕೋಡೂ ಸಿಗಬೇಕು.

ಇದರ ಜೊತೆಗೇ ಇನ್ನೊಂದು ಮಾತಿದೆ, ನಮ್ಮ ಗೆಳೆಯರ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಎರಡನೇ ಆವೃತ್ತಿಯ ಆರನೇ ಕಲಮಿನ ಪ್ರಕಾರ, ಹಂಚುವವರು ತೆಗೆದುಕೊಳ್ಳುವವರ ಮೇಲೆ ಈ ಲೈಸೆನ್ಸಿನಲ್ಲಿ ಇಲ್ಲದ ಬೇರಾವ ನಿರ್ಬಂಧವನ್ನೂ ಹೇರುವಂತಿಲ್ಲ. ಹೆಪ್ಪು ಕೊಡುವಾಗ ನಿಮ್ಮದೊಂದು ಹೊಸ ಷರತ್ತು ಸೇರಿಸುವಂತಿಲ್ಲ.

ಯಾಕಿಷ್ಟು ಬಿಗಿ? ಸಂಘದ ಪಾಟ್‌ಲಕ್ ಊಟದಲ್ಲಿ ಎಲ್ಲರ ಮನೆಯ ಮೊಸರನ್ನೂ ಒಂದೇ ಪಾತ್ರೆಗೆ ಸುರಿದೆವು ಎನ್ನಿ. ಒಬ್ಬರು "ನಮ್ಮ ಮೊಸರನ್ನು ಮಾರಬಾರದು" ಎಂದಿದ್ದಾರೆ. ಇನ್ನೊಬ್ಬರು "ಬಡಿಸುವಾಗ ನಮ್ಮ ಮನೆಯ ಹೆಸರು ಹೇಳಬೇಕು" ಎಂದಿದ್ದಾರೆ. ಮತ್ತೊಬ್ಬರದು "ಕೆಟ್ಟವರಿಗೆ ಬಡಿಸಬೇಡಿ". ಆ ಪಾತ್ರೆಯಿಂದ ಒಂದು ಸೌಟು ಬಡಿಸುವ ಮೊದಲು ಎಲ್ಲರ ಷರತ್ತನ್ನೂ ನೆನಪಿಡಬೇಕು. ಬಡಿಸುವವರು ಕೈ ತೊಳೆದುಕೊಂಡು ಹೊರಟೇ ಹೋಗುತ್ತಾರೆ. ಇಂದಿನ ತಂತ್ರಾಂಶ ಅಂಥದೇ ಪಾತ್ರೆ, ನೂರಾರು ಜನರ ಕೋಡ್ ಅದರಲ್ಲಿ ಬೆರೆತಿರುತ್ತದೆ.

ಇದು ಬರೀ ಕಲ್ಪನೆಯಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಹಳೆಯ ಬಿಎಸ್‌ಡಿ ಲೈಸೆನ್ಸಿನಲ್ಲಿ, ಜಾಹೀರಾತು ಕೊಟ್ಟಾಗ ತನ್ನ ಹೆಸರು ಹಾಕಬೇಕು ಎಂಬ ಒಂದು ಸಾಲಿತ್ತು. ಉಳಿದವರೂ ಅದನ್ನು ನಕಲು ಮಾಡಿ ತಂತಮ್ಮ ಹೆಸರು ಸೇರಿಸಿದರು. ನೆಟ್‌ಬಿಎಸ್‌ಡಿಯ 1997ರ ಒಂದು ಆವೃತ್ತಿಯಲ್ಲಿ ಅಂಥ 75 ಸಾಲುಗಳನ್ನು ಸ್ಟಾಲ್ಮನ್ ಎಣಿಸಿದ್ದರು. ಕೊನೆಗೆ 1999ರಲ್ಲಿ ವಿಶ್ವವಿದ್ಯಾಲಯವೇ ಆ ಸಾಲನ್ನು ಕೈಬಿಟ್ಟಿತು.

ಲಿನಕ್ಸಿಗೂ ಇತ್ತು 'ಮಾರಬಾರದು'

ಗೆಳೆಯರು ಸೇರಿಸಬೇಕೆಂದಿದ್ದ ಸಾಲನ್ನು ಅವರಿಗಿಂತ ಮೊದಲೇ ಒಬ್ಬರು ಬರೆದಿದ್ದರು. 1991ರ ಸೆಪ್ಟೆಂಬರ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಲಿನಕ್ಸಿನ ಮೊದಲ ಆವೃತ್ತಿಯನ್ನು ಹೊರಗೆ ಬಿಟ್ಟಾಗ ಅದು ಜಿಪಿಎಲ್‌ನಲ್ಲಿ ಇರಲಿಲ್ಲ. ಅವರೇ ಬರೆದ ಚಿಕ್ಕ ಲೈಸೆನ್ಸ್ ಇತ್ತು: ಸೋರ್ಸ್ ಕೋಡ್ ಪೂರ್ತಿ ಕೊಡಬೇಕು, ಮತ್ತು ಹಂಚುವುದಕ್ಕೆ ಯಾರೂ ದುಡ್ಡು ತೆಗೆದುಕೊಳ್ಳಬಾರದು, ಪ್ರತಿ ಮಾಡಿದ ಖರ್ಚನ್ನು ಕೂಡ.

ವಿದ್ಯಾರ್ಥಿಯ ಒಳ್ಳೆಯ ಮನಸ್ಸು. ಆದರೆ ಆಗ ಇಂಟರ್ನೆಟ್ ಎಲ್ಲರ ಮನೆಯಲ್ಲಿ ಇರಲಿಲ್ಲ. ಲಿನಕ್ಸ್ ಬೇಕೆಂದರೆ ಯಾರಾದರೂ ಫ್ಲಾಪಿಗೆ ಹಾಕಿ ಕೊಡಬೇಕು. ಫ್ಲಾಪಿಯ ಬೆಲೆಯನ್ನೂ ಕೇಳಬಾರದು ಎಂದರೆ ಹಂಚುವವರಾದರೂ ಎಷ್ಟು ದಿನ ಕೈಯಿಂದ ಹಾಕಿಕೊಂಡಾರು? ದುರಾಸೆಯವರನ್ನು ತಡೆಯಬೇಕಿದ್ದ ಸಾಲು ಉಪಕಾರ ಮಾಡಲು ಬಂದವರನ್ನೇ ತಡೆಯಿತು. 1992ರ ಜನವರಿಯಲ್ಲಿ 0.12 ಆವೃತ್ತಿಯ ಜೊತೆ ಟೋರ್ವಾಲ್ಡ್ಸ್ ಆ ಷರತ್ತನ್ನು ತೆಗೆಯುವುದಾಗಿ ಹೇಳಿದರು. ಫೆಬ್ರವರಿಯಿಂದ ಲಿನಕ್ಸ್ ಜಿಪಿಎಲ್‌ಗೆ ಬಂತು.

ಮುಂದೆ ಕಂಪನಿಗಳು ಲಿನಕ್ಸನ್ನು ಸಿಡಿಯಲ್ಲಿ ಹಾಕಿ ಮಾರಿದವು, ದುಡ್ಡೂ ಮಾಡಿದವು. ಅವರು ತಿದ್ದಿ ಹಂಚಿದ ಕೋಡ್ ಎಲ್ಲರಿಗೂ ಸಿಗುವಂತಾಯಿತು. ಇವತ್ತು ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ದುಡ್ಡಿಗೆ ಕೊಡಬಾರದು ಎಂಬ ಆ ಸಾಲು ಉಳಿದಿದ್ದರೆ, ದುಡ್ಡಿಗೆ ಮಾರುವ ಫೋನಿನಲ್ಲಿ ಅದು ಇರುತ್ತಿತ್ತೇ?

ಒಳ್ಳೆಯದಕ್ಕೆ ಮಾತ್ರ ಬಳಸಿ

ದುಡ್ಡಿನ ಮಾತು ಬಿಡಿ, ಧರ್ಮದ ಮಾತು ಬಂದರೆ? ಡಗ್ಲಾಸ್ ಕ್ರಾಕ್‌ಫೋರ್ಡ್ ಎಂಬ ಪ್ರಸಿದ್ಧ ಪ್ರೋಗ್ರಾಮರ್ ತಮ್ಮ ಜೆಸಾನ್ ತಂತ್ರಾಂಶದ ಲೈಸೆನ್ಸಿಗೆ, ಇದನ್ನು ಒಳಿತಿಗೆ ಮಾತ್ರ ಬಳಸಬೇಕು, ಕೆಡುಕಿಗಲ್ಲ ಎಂಬ ಸಾಲು ಸೇರಿಸಿದ್ದರು. ಅದು ಕಾಪಿಲೆಫ್ಟ್ ಲೈಸೆನ್ಸ್ ಅಲ್ಲ, ಆದರೂ ಪಾಠ ಒಂದೇ. ಯಾವುದು ಒಳಿತು, ಯಾವುದು ಕೆಡುಕು ಎಂದು ತೀರ್ಮಾನಿಸುವವರು ಯಾರು? ಐಬಿಎಂ ಕಡೆಯ ವಕೀಲರು ಬಂದು ಕೇಳಿಕೊಂಡಿದ್ದಕ್ಕೆ, ಕೆಡುಕಿಗೂ ಬಳಸಿಕೊಳ್ಳಿ ಎಂದು ತಾವು ಅನುಮತಿ ಬರೆದುಕೊಟ್ಟದ್ದನ್ನು ಕ್ರಾಕ್‌ಫೋರ್ಡ್ ಅವರೇ ಭಾಷಣದಲ್ಲಿ ನಗುತ್ತಾ ಹೇಳಿದ್ದರು. ಡೆಬಿಯನ್‌ನವರಿಗೆ ಮಾತ್ರ ಇದು ನಗುವ ವಿಷಯವಾಗಲಿಲ್ಲ. ಇದು ಸ್ವತಂತ್ರ ತಂತ್ರಾಂಶವಲ್ಲ ಎಂದು ಅವರು ಹೊರಗಿಟ್ಟರು. ಅಪಾಚೆ ಪ್ರತಿಷ್ಠಾನವೂ 2016ರಲ್ಲಿ ತನ್ನ ಯೋಜನೆಗಳಲ್ಲಿ ಆ ಲೈಸೆನ್ಸಿನ ಕೋಡ್ ಸೇರಿಸಕೂಡದು ಎಂದಿತು. ಕೆಡುಕು ಮಾಡುವವರು ಲೈಸೆನ್ಸ್ ಓದಿ ನಿಂತರೋ ಇಲ್ಲವೋ, ಒಳ್ಳೆಯ ಕೆಲಸ ಮಾಡುವವರಂತೂ ಓದಿ ದೂರ ಸರಿದರು.

2006ರಲ್ಲಿ ಜಿಪಿಯು ಎಂಬ ಹೆಸರಿನ ಒಂದು ಯೋಜನೆಯವರು ನೇರವಾಗಿ ಜಿಪಿಎಲ್‌ಗೇ ಸಾಲು ಸೇರಿಸಿದರು. ಹಲವರ ಕಂಪ್ಯೂಟರುಗಳನ್ನು ಜೋಡಿಸಿ ದೊಡ್ಡ ಲೆಕ್ಕಾಚಾರ ಮಾಡಿಸುವ ತಂತ್ರಾಂಶ ಅದು. ಮಿಲಿಟರಿ ಕೆಲಸಕ್ಕೆ ಬಳಕೆಯಾಗಬಾರದು ಎಂದು, ಐಸಾಕ್ ಅಸಿಮೋವ್ ಕಥೆಗಳ ರೋಬೋಟ್ ನಿಯಮದ ಮಾದರಿಯಲ್ಲಿ, ಮನುಷ್ಯರಿಗೆ ಹಾನಿ ಮಾಡಬಾರದೆಂಬ ಷರತ್ತು ಹಾಕಿದರು. ಆಶಯವನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಆದರೆ ಯಾವ ಉದ್ದೇಶಕ್ಕಾದರೂ ಬಳಸಬಹುದು ಎನ್ನುವುದು ಸ್ವತಂತ್ರ ತಂತ್ರಾಂಶದ ಮೊಟ್ಟಮೊದಲ ಸ್ವಾತಂತ್ರ್ಯ. ಆ ಮೊದಲ ಕಲ್ಲನ್ನೇ ಕಿತ್ತ ಮೇಲೆ ಅದು ಜಿಪಿಎಲ್ ಅಲ್ಲ. ಬೇರೆಯವರ ಜಿಪಿಎಲ್ ಕೋಡಿನ ಜೊತೆ ಅದನ್ನು ಬೆರೆಸಿ ಹಂಚಲೂ ಬರುವುದಿಲ್ಲ.

ಬೆಂಗಳೂರಿನಲ್ಲೂ ನಡೆದ ಚರ್ಚೆ

ಈ ಕಥೆಗೆ ನಮ್ಮೂರಿನ ನಂಟೂ ಇದೆ. ಜಿಪಿಎಲ್ ಮೂರನೇ ಆವೃತ್ತಿಯ ಕರಡು ಸಿದ್ಧವಾಗುತ್ತಿದ್ದಾಗ ಜಗತ್ತಿನ ಹಲವು ಕಡೆ ಅದರ ಬಗ್ಗೆ ಸಮ್ಮೇಳನಗಳು ನಡೆದವು. ನಾಲ್ಕನೆಯದು 2006ರ ಆಗಸ್ಟ್ 23 ಮತ್ತು 24ರಂದು ಬೆಂಗಳೂರಿನಲ್ಲಿ, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ. ಸ್ಟಾಲ್ಮನ್ ಅಲ್ಲಿಗೆ ಬಂದು ಹೊಸ ಕರಡನ್ನು ವಿವರಿಸಿದ್ದರು. ಮರುವರ್ಷ, 2007ರ ಜೂನ್ 29ರಂದು ಮೂರನೇ ಆವೃತ್ತಿ ಹೊರಬಂತು.

ಜನ ಹೇಗೂ ಸಾಲು ಸೇರಿಸುತ್ತಾರೆ ಎಂಬುದನ್ನು ಬಲ್ಲವರು ಬರೆದದ್ದು ಅದರ ಏಳನೇ ಕಲಮು. ಅದು ಎರಡು ಭಾಗ ಮಾಡುತ್ತದೆ. ಹೆಚ್ಚುವರಿ ಅನುಮತಿ ಕೊಡುವುದಾದರೆ ಧಾರಾಳವಾಗಿ ಕೊಡಿ. ಹೆಚ್ಚುವರಿ ನಿರ್ಬಂಧವಾದರೆ ಕೆಲವೇ ಬಗೆಯವು ಸಲ್ಲುತ್ತವೆ: ಬರೆದವರ ಹೆಸರನ್ನು ಅಳಿಸಬಾರದು, ತಿದ್ದಿದ್ದನ್ನು ಮೂಲವೆಂದು ಹೇಳಬಾರದು, ಲೇಖಕರ ಹೆಸರನ್ನು ಪ್ರಚಾರಕ್ಕೆ ಬಳಸಬಾರದು, ಟ್ರೇಡ್‌ಮಾರ್ಕ್ ಹಕ್ಕು ಕೊಟ್ಟಿಲ್ಲ ಎನ್ನುವುದು, ಮತ್ತು ಗ್ಯಾರಂಟಿ, ಹೊಣೆಗಾರಿಕೆಗೆ ಸಂಬಂಧಿಸಿದ ಒಂದೆರಡು. ಇವನ್ನು ಬಿಟ್ಟು ಬೇರೆ ನಿರ್ಬಂಧ ಸೇರಿದ್ದರೆ, ತೆಗೆದುಕೊಂಡವರು ಆ ಸಾಲನ್ನು ತೆಗೆದುಹಾಕಬಹುದು ಎಂದೇ ಅದರಲ್ಲಿ ಬರೆದಿದೆ.

ಇಷ್ಟು ಸ್ಪಷ್ಟವಾಗಿದ್ದ ಮೇಲೆ ವ್ಯಾಜ್ಯವೇಕೆ ಎನ್ನುತ್ತೀರಾ? ಮುಂದೆ ಓದಿ.

ಕೋರ್ಟು ಕಂಡ ಒಂದು ಸಾಲು

ನಿಯೋ4ಜೆ ಎಂಬ ಡೇಟಾಬೇಸ್ ಕಂಪನಿ ಇದೆ. ಅದರ ಎಂಟರ್‌ಪ್ರೈಸ್ ಆವೃತ್ತಿ ಎಜಿಪಿಎಲ್ ಎಂಬ ಲೈಸೆನ್ಸಿನಲ್ಲಿತ್ತು. ಇದು ಜಿಪಿಎಲ್‌ನ ತಂಗಿಯಿದ್ದ ಹಾಗೆ, ತಿದ್ದಿದ ತಂತ್ರಾಂಶವನ್ನು ಸರ್ವರಿನಲ್ಲಿಟ್ಟು ಜಾಲದ ಮೂಲಕ ಸೇವೆ ಕೊಟ್ಟರೂ ಬಳಸುವವರಿಗೆ ಕೋಡ್ ಕೊಡಬೇಕು ಎನ್ನುತ್ತದೆ. ಏಳನೇ ಕಲಮು ಇದರಲ್ಲೂ ಇದೆ. 2018ರಲ್ಲಿ ಕಂಪನಿ ಇದರ ಜೊತೆಗೆ ಕಾಮನ್ಸ್ ಕ್ಲಾಸ್ ಎಂಬ ಷರತ್ತು ಸೇರಿಸಿತು. ಹೆಸರು ಚೆನ್ನಾಗಿದೆ, ಒಳಗಿರುವುದು ಮಾತ್ರ 'ಮಾರುವ ಹಕ್ಕು ಕೊಟ್ಟಿಲ್ಲ' ಎಂಬ ಮಾತು. ನಮ್ಮ ಗೆಳೆಯರ ಸಾಲೇ, ವಕೀಲರ ಭಾಷೆಯಲ್ಲಿ.

ಕೆಲವರು ಏಳನೇ ಕಲಮು ತೋರಿಸಿ, ಆ ಷರತ್ತನ್ನು ತೆಗೆದು, ಓಎನ್‌ಜಿಡಿಬಿ ಎಂಬ ಹೆಸರಿನಲ್ಲಿ ಬರೀ ಎಜಿಪಿಎಲ್‌ನಲ್ಲಿ ಹಂಚಿದರು. ಕಂಪನಿ ಕೋರ್ಟಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 2021ರಲ್ಲಿ ಕಂಪನಿಯ ಪರವಾಗಿ ಹೇಳಿತು. ಸಾರಾಂಶ ಇಷ್ಟು: ಹೊಸ ನಿರ್ಬಂಧ ಹೇರಬಾರದು ಎನ್ನುವುದು ತೆಗೆದುಕೊಂಡು ಮುಂದೆ ಹಂಚುವವರಿಗೆ ಹಾಕಿದ ಕಟ್ಟು. ಕೃತಿಯ ಒಡೆಯರೇ ಮೊದಲಿಗೆ ಷರತ್ತು ಹಾಕಿ ಕೊಟ್ಟಿದ್ದರೆ ಅದನ್ನು ಇನ್ನೊಬ್ಬರು ತೆಗೆಯುವಂತಿಲ್ಲ. 2022ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವೂ ಆ ಆದೇಶವನ್ನು ಎತ್ತಿಹಿಡಿಯಿತು. 2024ರ ಜುಲೈನಲ್ಲಿ ವಿಚಾರಣೆ ಮುಗಿದು, ಷರತ್ತು ತೆಗೆದು ಹಂಚಿದ ಕಡೆಯವರು 5,97,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅದರ ಮೇಲೂ ಮೇಲ್ಮನವಿ ಹೋಯಿತು.

ಲೈಸೆನ್ಸ್ ಬರೆದವರ ಅಭಿಪ್ರಾಯ ಬೇರೆಯೇ. ಏಳನೇ ಕಲಮನ್ನು ಬರೆದದ್ದೇ ಇಂಥ ಸಾಲುಗಳನ್ನು ತೆಗೆಯಲಿ ಎಂದು, ಸೇರಿಸಿದವರು ಯಾರೇ ಆಗಿರಲಿ ಎಂಬುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. ಯಾರ ಮಾತು ಸರಿ ಎನ್ನುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಆದರೆ ನಮ್ಮಂಥವರು ಗಮನಿಸಬೇಕಾದ್ದು ಇದು: ಒಂದೇ ಕಾಗದ ಮೇಲಿನ ಪುಟದಲ್ಲಿ 'ಮಾರಬಹುದು' ಎನ್ನುತ್ತದೆ, ಕೆಳಗಿನ ಪುಟದಲ್ಲಿ 'ಮಾರಬಾರದು' ಎನ್ನುತ್ತದೆ. ಅದನ್ನು ನಂಬಿ ಕೈ ಹಾಕಿದವರು ಆರು ವರ್ಷ ಕೋರ್ಟು ಅಲೆದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರೆ ಆಗುವುದೇ ಹೀಗೆ.

ಹಾಗಾದರೆ ಗೆಳೆಯರಿಗೆ ಉತ್ತರ?

ಮೊದಲು ಕೇಳಬೇಕಾದ ಪ್ರಶ್ನೆ: ಕೋಡ್ ಪೂರ್ತಿ ನಿಮ್ಮದೇನಾ? ನಮ್ಮ ಗೆಳೆಯರದು ಆಗಿರಲಿಲ್ಲ. ಮಗು ಎಳೆದ ಗೆರೆಯನ್ನು ಅಕ್ಷರದ ಜೊತೆ ಹೋಲಿಸುವ ಭಾಗವನ್ನು ಅವರು ಬೇರೊಬ್ಬರ ಜಿಪಿಎಲ್ ತಂತ್ರಾಂಶದಿಂದ ತೆಗೆದುಕೊಂಡಿದ್ದರು. ಅಲ್ಲಿಗೆ ಚರ್ಚೆ ಮುಗಿಯಿತು. ಬೇರೆಯವರ ಹೆಪ್ಪು ಬಿದ್ದ ಮೊಸರಿಗೆ ಹೊಸ ಷರತ್ತು ಹಾಕುವಂತಿಲ್ಲ. ಹಾಕಿ ಹಂಚಿದರೆ, ಆ ಕೋಡ್ ಬಳಸಲು ಸಿಕ್ಕ ಹಕ್ಕೇ ತಪ್ಪಿಹೋಗುತ್ತದೆ.

ಕೋಡೆಲ್ಲ ನಿಮ್ಮದೇ ಆಗಿದ್ದರೆ ನೀವು ಒಡೆಯರು, ಯಾವ ಷರತ್ತನ್ನಾದರೂ ಹಾಕಬಹುದು. ಆಗ ಬೇರೆ ಹೆಸರಿನ ಲೈಸೆನ್ಸ್ ಬರೆಯಿರಿ, ಅದಕ್ಕೆ ಜಿಪಿಎಲ್ ಎನ್ನಬೇಡಿ. ಜಿಪಿಎಲ್‌ನ ಷರತ್ತುಗಳನ್ನು ತಿದ್ದಿ ಬಳಸಲು ಫೌಂಡೇಶನ್ ಅನುಮತಿ ಕೊಡುತ್ತದೆ, ಆದರೆ ಹೆಸರು ಬದಲಿಸಬೇಕು, ಅದರ ಪೀಠಿಕೆಯನ್ನು ಬಿಡಬೇಕು. ಇನ್ನೊಂದು ದಾರಿ ಎರಡು ಲೈಸೆನ್ಸ್: ಎಲ್ಲರಿಗೂ ಜಿಪಿಎಲ್, ಕೋಡ್ ಮುಚ್ಚಿಡಬೇಕೆನ್ನುವ ಕಂಪನಿಗೆ ದುಡ್ಡಿನ ಲೈಸೆನ್ಸ್. ಮೈಎಸ್‌ಕ್ಯುಎಲ್ ಬೆಳೆದದ್ದು ಹೀಗೆ.

ಇನ್ನು ಯಾರೋ ಮಾರಿಕೊಂಡಾರು ಎಂಬ ಭಯ. ಜಿಪಿಎಲ್‌ನಲ್ಲಿ ಮಾರಿದವರೂ ಕೊಂಡವರಿಗೆ ಕೋಡ್ ಕೊಡಬೇಕು, ಕೊಂಡವರು ಅದನ್ನು ಪುಕ್ಕಟೆ ಹಂಚಿದರೆ ತಡೆಯುವಂತಿಲ್ಲ. ಎಲ್ಲರ ಮನೆಯಲ್ಲೂ ಹೆಪ್ಪು ಇರುವ ಊರಿನಲ್ಲಿ ಮೊಸರು ಮಾರಿ ಮೋಸ ಮಾಡುವುದು ಕಷ್ಟ.

ಪದಗಳಿಗೂ ಇದೇ ಮಾತು

ತಂತ್ರಾಂಶ ಬರೆಯದವರಿಗೂ ಇದು ಬೇಕಾದ ವಿಷಯ. ವಿಕಿಪೀಡಿಯಾದ ಬರಹಗಳು ಸಿಸಿ ಬೈ-ಎಸ್‌ಎ ಎಂಬ ಕಾಪಿಲೆಫ್ಟ್ ಲೈಸೆನ್ಸಿನಲ್ಲಿವೆ. ಅದೂ ಹೊಸ ನಿರ್ಬಂಧ ಸೇರಿಸಬಾರದು ಎನ್ನುತ್ತದೆ. ಮೈಸೂರು ವಿಶ್ವವಿದ್ಯಾಲಯ ದಶಕಗಳ ಕಾಲ ವಿದ್ವಾಂಸರಿಂದ ಬರೆಸಿದ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಇದೇ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟಿತು. ಹಾಗಾಗಿಯೇ ಅದರ ಲೇಖನಗಳು ಕನ್ನಡ ವಿಕಿಪೀಡಿಯಾಕ್ಕೆ ಬರಲು ಸಾಧ್ಯವಾಯಿತು, ಇಲ್ಲಿ ಕೂತ ನಮ್ಮ ಮಕ್ಕಳ ಪರದೆಗೂ. ಒಳ್ಳೆಯ ಮನಸ್ಸಿನಿಂದಲೇ 'ವಾಣಿಜ್ಯ ಬಳಕೆ ಸಲ್ಲದು' ಎಂದು ಒಂದು ಸಾಲು ಹಾಕಿದ್ದರೆ ವಿಕಿಪೀಡಿಯಾ ಅದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ, ಅಂಥ ಷರತ್ತಿನ ಬರಹ ಅಲ್ಲಿ ಸಲ್ಲುವುದಿಲ್ಲ. ನಮ್ಮ ಸಂಘದ ಸ್ಮರಣ ಸಂಚಿಕೆ, ಪಾಠಪುಸ್ತಕ, ಫೋಟೋಗಳನ್ನು ಮುಕ್ತವಾಗಿ ಕೊಡುವಾಗ ಇದನ್ನು ನೆನಪಿಡೋಣ.

ಅಮ್ಮನ ಧ್ವನಿ

ಇಷ್ಟನ್ನೂ ಹೇಳಿದಾಗ ಗೆಳೆಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಂಗೆ ಕೋಡಿನ ಚಿಂತೆ ಇರಲೇ ಇಲ್ಲ ಕಣ್ರೀ, ಅಮ್ಮನ ಧ್ವನೀದೇ" ಎಂದರು. ಆ ಮಾತಿನಲ್ಲೇ ದಾರಿ ಇತ್ತು. ಅಕ್ಷರದ ಧ್ವನಿ ಬೇರೆ ಫೈಲು, ಅದು ತಂತ್ರಾಂಶದ ಕೋಡ್ ಅಲ್ಲ. ಅದನ್ನು ಜಿಪಿಎಲ್‌ನಲ್ಲಿ ಕೊಡಲೇಬೇಕೆಂದಿಲ್ಲ. ಕೊಡಲು ಮನಸ್ಸಿಲ್ಲದ್ದನ್ನು ಷರತ್ತು ಹಾಕಿ ಅರ್ಧ ಕೊಡುವ ಬದಲು ಮನೆಯಲ್ಲೇ ಇಟ್ಟುಕೊಳ್ಳುವುದು ಮೇಲು, ಕೊಟ್ಟದ್ದನ್ನು ಪೂರ್ತಿ ಕೊಡುವುದು ಮೇಲು.

ಹಾಗೇ ಆಯಿತು. ತಂತ್ರಾಂಶ ಯಾವ ಹೆಚ್ಚಿನ ಸಾಲೂ ಇಲ್ಲದೆ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಹೊರಗೆ ಬರುತ್ತಿದೆ. ಅಜ್ಜಿಯ ಧ್ವನಿ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಉಳಿದಿದೆ.

ಆದರೆ ಈಗ ಅಕ್ಷರಗಳಿಗೆ ಧ್ವನಿ ಇಲ್ಲ! 49 ಅಕ್ಷರ, ಪ್ರತಿಯೊಂದಕ್ಕೆ ಒಂದು ಪದ. ನಿಮ್ಮ ಮನೆಯ ಹಿರಿಯರು, ಇಲ್ಲಿರುವವರಾಗಲಿ ಊರಿನಿಂದ ರಜೆಗೆ ಬಂದವರಾಗಲಿ, ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೇಳಿಕೊಡಬಲ್ಲರೇ? ಒಂದೇ ಮಾತು ಅವರಿಗೆ ಮೊದಲೇ ತಿಳಿಸಿ: ಈ ಧ್ವನಿಯನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು, ತಡೆಯಲು ನಮ್ಮ ಕೈಯಲ್ಲಿ ಇನ್ನೊಂದು ಸಾಲು ಇರುವುದಿಲ್ಲ. ಅದಕ್ಕೆ ಅವರು ಮನಃಪೂರ್ವಕ ಒಪ್ಪಿದರೆ ಮುಂದಿನ ಭಾನುವಾರ ಕನ್ನಡ ಶಾಲೆಗೆ ಕರೆದುಕೊಂಡು ಬನ್ನಿ. ಕಾಫಿ ನಮ್ಮದು.